ತೆಂಗಿನಕಾಯಿಯೂ ಅಡಿಕೆಯೂ ಒಟ್ಟಿಗೆ ಬಿದ್ದರೆ...

ಮೂಡುಬಿದಿರೆ ಬಳಿಯ ಪುತ್ತಿಗೆಯ ತೋಟವೊಂದರಲ್ಲಿ ತೆಂಗಿನಕಾಯಿಯೂ ಅಡಿಕೆಯೂ ಒಂದೇ ಎತ್ತರದಿಂದ ಒಟ್ಟಿಗೆ ಕಳಚಿದರೆ ಯಾವುದು ಮೊದಲು ನೆಲ ಮುಟ್ಟುತ್ತದೆ? ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರು ತೆಂಗಿನಕಾಯಿ ಎನ್ನುತ್ತಾರೆ. ಗ್ರೀಸಿನ ಅರಿಸ್ಟಾಟಲ್ ಹೇಳಿದ್ದೂ ಅದನ್ನೇ. ಆದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತವೆ. ಏಕೆಂದು ತಿಳಿಯಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಪಠ್ಯಪುಸ್ತಕಗಳು ಆ ದಾರಿಯನ್ನು ಬಿಟ್ಟು ಸೂತ್ರವನ್ನಷ್ಟೇ ಕೊಡುತ್ತವೆ. ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ.

ಎಸೆದ ಕಲ್ಲನ್ನು ಗಾಳಿಯೇ ಮುಂದೆ ತಳ್ಳುತ್ತದೆ ಎಂಬುದು ಅರಿಸ್ಟಾಟಲನ ವಾದ. ಇಬ್ನು ಸೀನಾ (980-1037) ಒಪ್ಪಲಿಲ್ಲ. ಎಸೆದ ಕೈ ಕಲ್ಲಿಗೆ ಒಂದು ಒಲವನ್ನು ಕೊಡುತ್ತದೆ, ತಡೆಯಿಲ್ಲದಿದ್ದರೆ ಅದು ಕುಂದುವುದಿಲ್ಲ ಎಂದರು. ಅದನ್ನು ‘ಮೈಲ್’ ಎಂದು ಕರೆದರು. 12ನೇ ಶತಮಾನದಲ್ಲಿ ಅಬುಲ್ ಬರಕಾತ್ ಅಲ್ ಬಗ್ದಾದಿ, ಬೀಳುವ ವಸ್ತುವಿಗೆ ಅದರ ಭಾರವು ಕ್ಷಣಕ್ಷಣಕ್ಕೂ ಹೊಸ ಒಲವನ್ನು ಸೇರಿಸುವುದರಿಂದಲೇ ವೇಗ ಹೆಚ್ಚುತ್ತದೆ ಎಂದು ವಿವರಿಸಿದರು. ನ್ಯೂಟನ್‌ಗಿಂತ ಮೊದಲೇ ಮುಸ್ಲಿಮರು ಗುರುತ್ವಾಕರ್ಷಣೆಯನ್ನು ಕಂಡುಹಿಡಿದಿದ್ದರೆಂದು ಭಾಷಣಗಳಲ್ಲಿ ಹೇಳುವುದುಂಟು. ಅಷ್ಟು ದೊಡ್ಡ ಮಾತು ಬೇಡ. ಅವರು ಸರಿಯಾದ ಪ್ರಶ್ನೆ ಕೇಳಿದರು, ಅದೇನು ಕಡಿಮೆಯೇ?

1638ರಲ್ಲಿ ಗೆಲಿಲಿಯೊ ಬೀಳುವಿಕೆಯ ಲೆಕ್ಕ ಕೊಟ್ಟರು. 1687ರಲ್ಲಿ ನ್ಯೂಟನ್, ಬೀಳುವ ಕಾಯಿಗೂ ಭೂಮಿಯನ್ನು ಸುತ್ತುವ ಚಂದ್ರನಿಗೂ ಒಂದೇ ನಿಯಮವೆಂದರು. ತೆಂಗಿನಕಾಯಿಯನ್ನು ಭೂಮಿ ಹೆಚ್ಚು ಸೆಳೆಯುತ್ತದೆ, ಆದರೆ ಅದನ್ನು ಅಲುಗಿಸುವುದೂ ಅಷ್ಟೇ ಕಷ್ಟ. ಹೀಗಾಗಿ ಅಡಿಕೆಯೊಂದಿಗೆ ಸರಿಸಮವಾಗುತ್ತದೆ. ಈ ಎರಡು ಏಕೆ ಇಷ್ಟು ಕರಾರುವಾಕ್ಕಾಗಿ ಹೊಂದಬೇಕು? ನ್ಯೂಟನ್‌ರಲ್ಲಿ ಉತ್ತರವಿರಲಿಲ್ಲ.

ಐನ್‌ಸ್ಟೈನ್ ಹಿಡಿದದ್ದು ಇದೇ ಎಳೆಯನ್ನು. ಮೇಲಿನಿಂದ ಬೀಳುತ್ತಿರುವವನಿಗೆ ತನ್ನ ಭಾರವೇ ತಿಳಿಯುವುದಿಲ್ಲ ಎಂದು 1907ರಲ್ಲಿ ಅವರಿಗೆ ಹೊಳೆಯಿತು. ಎಲ್ಲವೂ ಒಂದೇ ರೀತಿ ಬೀಳುವುದಾದರೆ ಅದು ವಸ್ತುವಿನ ಗುಣವಲ್ಲ, ಅದು ಸಾಗುವ ದಾರಿಯ ಗುಣ! ಆ ಬಾಗಿದ ದಾರಿಯ ಲೆಕ್ಕಕ್ಕೆ ಗೆಳೆಯ ಗ್ರಾಸ್‌ಮನ್ ನೆರವಾದರು. 19ನೇ ಶತಮಾನದ ರೀಮಾನ್‌ರ ರೇಖಾಗಣಿತ ಸಿದ್ಧವಾಗಿಯೇ ಇತ್ತು. 1915ರ ನವೆಂಬರ್‌ನಲ್ಲಿ ಸಿದ್ಧಾಂತ ಪೂರ್ಣವಾಯಿತು. ನ್ಯೂಟನ್‌ರ ನಿಯಮದಿಂದ ವಿವರಿಸಲಾಗದೆ ಉಳಿದಿದ್ದ ಬುಧಗ್ರಹದ ಸಣ್ಣ ಓರೆಯೂ ಅದರಲ್ಲಿ ಸರಿಹೊಂದಿತು.

ಮುಂದಿನ ಕೊಂಡಿಯೊಂದು ನಮ್ಮ ಕನ್ನಡ ನಾಡಿನದು. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಕದಡಿದ ಕಪ್ಪುಕುಳಿಯು ಬಡಿದ ಗಂಟೆಯಂತೆ ಮಿಡಿದು ಮೆಲ್ಲನೆ ಶಾಂತವಾಗುತ್ತದೆಂದು 1970ರಲ್ಲಿ ಲೆಕ್ಕದಿಂದಲೇ ತೋರಿಸಿದರು. ಅದು ನಿಜವೋ ಎಂದು ನೋಡುವ ಉಪಕರಣ ಆಗ ಇರಲಿಲ್ಲ. ಅವರು ಬೆಂಗಳೂರಿನ ನೆಹರೂ ತಾರಾಲಯದ ನಿರ್ದೇಶಕರಾಗಿ ಮಕ್ಕಳಿಗೆ ಆಕಾಶ ತೋರಿಸಿದರು. 45 ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು, ಎರಡು ಕಪ್ಪುಕುಳಿಗಳು ಕೂಡಿಕೊಂಡ ಅಲೆ ಅಮೆರಿಕದಲ್ಲಿ ದಾಖಲಾಯಿತು. ಅದರ ಕೊನೆಯಲ್ಲಿ ಅದೇ ಕ್ಷೀಣಿಸುವ ಮಿಡಿತವಿತ್ತು. 2017ರಲ್ಲಿ ತೀರಿಕೊಳ್ಳುವ ಮೊದಲು ವಿಶ್ವೇಶ್ವರ ಅದನ್ನು ಕಂಡರು.

ರಜೆಯಲ್ಲಿ ಮಕ್ಕಳನ್ನು, ಹೆಣ್ಣುಮಕ್ಕಳನ್ನಂತೂ ಬಿಡದೆ, ಪಿಲಿಕುಳದ ತಾರಾಲಯಕ್ಕೆ ಕರೆದೊಯ್ಯಿರಿ. 2018ರಲ್ಲಿ ತೆರೆದ ಅದು ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ, ವಾಮಂಜೂರಿನ ಹತ್ತಿರವೇ ಇದೆ.