ಕೊಡೈಕನಾಲಿನ ಗುಮ್ಮಟ, ನಮ್ಮ ಅಂಗಡಿಯ ಗಿಳಿ

ಹತ್ತಿ-ಶೇಂಗಾ ವ್ಯಾಪಾರದವರು ಬೆಟ್ಟದ ಮೇಲಿನ ವೀಕ್ಷಣಾಲಯದ ಫೋಟೋ ತೆಗೆಯಲು ಅಷ್ಟು ದೂರ ಹೋಗುವುದೇ ಎಂದು ಆದವಾನಿಯ ಬಂಧುಗಳು ನಕ್ಕರು. ಆದರೆ ಆ ಕಟ್ಟಡಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ. 1876-78ರ ಧಾತು ಬರ ಅಂದಿನ ಬಳ್ಳಾರಿ ಜಿಲ್ಲೆಯನ್ನು ಹಣ್ಣುಗಾಯಿ ಮಾಡಿತು. ನಮ್ಮ ತಾಲ್ಲೂಕು ಆಗ ಅದೇ ಜಿಲ್ಲೆಯಲ್ಲಿತ್ತು. 1953ರಲ್ಲಷ್ಟೇ ಆಂಧ್ರಕ್ಕೆ ಬಂದೆವು. ಸೂರ್ಯನನ್ನು ಅರಿತರೆ ಮಳೆಯನ್ನೂ ಅರಿಯಬಹುದೆಂಬ ಆಸೆ ಆ ಬರದ ನಂತರ ಬಲವಾಯಿತು. 1899ರಲ್ಲಿ ಕೊಡೈಕನಾಲಿನಲ್ಲಿ, ಸುಮಾರು 2,340 ಮೀಟರ್ ಎತ್ತರದಲ್ಲಿ ಸೌರ ವೀಕ್ಷಣಾಲಯ ಆರಂಭವಾಯಿತು.

ಸೂರ್ಯಕಲೆ ಎಣಿಸಿ ಮಳೆ ಹೇಳುವ ಆಸೆಯೇನೋ ಕೈಗೂಡಲಿಲ್ಲ. ಆದರೆ 1904ರಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ಅಲ್ಲಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ದಶಕಗಳ ಕಾಲ ಅವನ್ನು ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟರು. ನಮ್ಮ ಕೀರ್ದಿ ಪುಸ್ತಕವನ್ನೂ ಅಷ್ಟು ಶಿಸ್ತಿನಿಂದ ಬರೆದವರು ಕಡಿಮೆ! ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ.

ಚಿತ್ರ ತೆಗೆಯುವವರಿಗೆ ಒಂದು ಮಾತು. ಬಿಳಿ ಗುಮ್ಮಟ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಬೆಳಕನ್ನು ತುಸು ಹೆಚ್ಚಿಸದಿದ್ದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳು ಮಸೂರವನ್ನು ಸೂರ್ಯನತ್ತ ಹಿಡಿಯದಂತೆ ನೋಡಿಕೊಳ್ಳಿರಿ.

ಘಾಟಿ ಇಳಿಯುವಾಗ ಕಾಫಿ ತೋಟದ ಅಂಚಿನಲ್ಲಿ ಗಿಳಿಗಳ ಹಿಂಡೊಂದು ಕಿರುಚುತ್ತ ಬಂದಿತು. ಬೂದು ಎದೆ, ನೀಲಿ ರೆಕ್ಕೆ, ಹಳದಿ ತುದಿಯ ಉದ್ದ ಬಾಲ. ಪಶ್ಚಿಮ ಘಟ್ಟ ಹಾಗೂ ಅದಕ್ಕೆ ಹೊಂದಿದ ಬೆಟ್ಟಗಳ ಕಾಡಿನಲ್ಲಲ್ಲದೆ ಪ್ರಪಂಚದ ಬೇರೆಲ್ಲಿಯೂ ಇಲ್ಲದ ಮಲಬಾರ್ ಗಿಳಿ ಇದು. ಗೂಡು ಮರದ ಪೊಟರೆಯಲ್ಲಿ. ಕ್ಯಾಮೆರಾ ಎತ್ತುವಷ್ಟರಲ್ಲಿ ಹಿಂಡು ಕಣಿವೆಯಾಚೆ ಹಾರಿತ್ತು. ನಮಗೆ ದಕ್ಕಿದ್ದು ಒಂದು ಮಸುಕು ಚಿತ್ರ.

ಅದನ್ನು ನೋಡುತ್ತ ಮಗಳು ಕೇಳಿದಳು: "ಪಾಠಶಾಲೆಯಲ್ಲಿ ಅಹಿಂಸಾಣುವ್ರತದ ಐದು ಅತಿಚಾರ ಹೇಳಿಕೊಟ್ಟರು. ಮೊದಲನೆಯದು ಬಂಧ. ಹಾಗಾದರೆ ನಮ್ಮ ಅಂಗಡಿಯ ಗಿಳಿ?"

ಉತ್ತರ ಹೊಳೆಯಲಿಲ್ಲ. ಏಳು ವರ್ಷದಿಂದ ಗಲ್ಲಾಪೆಟ್ಟಿಗೆಯ ಮೇಲೆ ತೂಗುತ್ತಿದ್ದ ಪಂಜರ ಅದು. ನೆನೆಸಿದ ಕಡಲೆ, ಹಣ್ಣು ಕೊಡುತ್ತಿದ್ದೆವು. ಅದನ್ನೇ ಜೀವದಯೆ ಎಂದುಕೊಂಡಿದ್ದೆವು. ರೆಕ್ಕೆಯ ಗರಿ ಕತ್ತರಿಸಿದ್ದವರೂ ನಾವೇ.

ಊರಿಗೆ ಬಂದ ದಿನವೇ ಪಂಜರ ತೆರೆಯಹೊರಟೆವು. ತಿಳಿದವರೊಬ್ಬರು ತಡೆದರು. ಹಾರಲು ಬಾರದ, ಮೇವು ಹುಡುಕಲರಿಯದ ಹಕ್ಕಿಯನ್ನು ಬೀದಿಗೆ ಬಿಟ್ಟರೆ ಅದು ಬೆಕ್ಕಿನ ಪಾಲೇ ಸರಿ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದೂ ಅವರೇ ಹೇಳಿದರು. ಅಳುಕುತ್ತಲೇ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಅಂಗಡಿಗೆ ಬಂದ ಗಿರಾಕಿಗಳು ಇನ್ನೂ ವಿಚಾರಿಸುತ್ತಾರೆ.

ಈಗ ಭಾನುವಾರದ ಸಂಜೆ ಕೋಟೆ ಬೆಟ್ಟದ ಕಡೆ ಹೋಗುತ್ತೇವೆ. ಬಂಡೆಗಳ ನಡುವೆ ನಮ್ಮೂರಿನ ಕೆಂಪು ಕೊರಳಪಟ್ಟಿಯ ಗಿಳಿಗಳಿಗೆ ಬರವಿಲ್ಲ. ಆದರೆ ಛಾಯಾಗ್ರಾಹಕರು ಬಂಗಾರವೆನ್ನುವ ಆ ಕಡೆಯ ತಾಸು ನಮಗೆ ಊಟದ ವೇಳೆ. ಸೂರ್ಯ ಮುಳುಗುವ ಮುನ್ನ ಎಲೆಯ ಮುಂದಿರಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಮಗಳಿಗೆ ಇನ್ನೂ ಒಂದೂ ಸ್ಪಷ್ಟ ಚಿತ್ರ ಸಿಕ್ಕಿಲ್ಲ.