ದೆವ್ವದ ಕಥೆಗೆ ಕಾನೂನು ಮಾಡಿದವರು ಯಾರು?

 

ಹೋದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ನಾನು ಬರೆದ ‘ಹಾಳು ಬಾವಿಯ ದೆವ್ವ’ ಎಂಬ ಕಥೆಯನ್ನು ನೀವೆಲ್ಲರೂ ಓದಿದ್ದೀರಿ. ಅದು ನಾಲ್ಕು ದಿನ ಗೋಡೆಯ ಮೇಲೆ ಇತ್ತು. ಐದನೆಯ ದಿನ ನಾನೇ ಅದನ್ನು ಕಿತ್ತು ತೆಗೆದೆ. ಯಾಕೆ ತೆಗೆದೆ ಎಂದು ಬಹಳ ಜನ ಕೇಳಿದಿರಿ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಜೊತೆಗೆ, ದೆವ್ವದ ಕಥೆ ಬರೆಯುವಾಗ ಎಷ್ಟು ಸ್ವಾತಂತ್ರ್ಯ ಇದೆ, ಎಲ್ಲಿ ಕಾನೂನು ಮುರಿಯಬಹುದು, ಎಲ್ಲಿ ಮುರಿಯಬಾರದು ಎಂದು ನನಗೆ ತಿಳಿದಷ್ಟು ಬರೆಯುತ್ತೇನೆ.

ಕಥೆ ಅಂಟಿಸಿದ ದಿನವೇ ಜಗಳ ಶುರುವಾಯಿತು. ನನ್ನ ಕಥೆಯಲ್ಲಿ ದೆವ್ವ ಮಟಮಟ ಮಧ್ಯಾಹ್ನ ಬರುತ್ತದೆ. ನಮ್ಮ ವರ್ಗದ ಒಬ್ಬ ಹುಡುಗ, “ದೆವ್ವ ಹಗಲಿ ಬರಂಗಿಲ್ಲ. ಅಮಾಸಿ ರಾತ್ರಿನೇ ಬರ್ತದ. ನಿನ್ನ ಕಥಿ ತಪ್ಪು” ಅಂದ. ಗೆಳತಿಯೊಬ್ಬಳು, “ದೆವ್ವ ಹುಣಚಿ ಗಿಡದಾಗ ಇರ್ತದ, ಬಾವ್ಯಾಗ ಇರಂಗಿಲ್ಲ” ಅಂದಳು. ಮತ್ತೊಬ್ಬ, “ಕೈಯಾಗ ಕಬ್ಬಿಣ ಇದ್ರ ದೆವ್ವ ಹತ್ರ ಬರಂಗಿಲ್ಲ ಅಂತ ನೀನೇ ಮೊದಲ ಬರದಿ. ಆ ಹುಡುಗನ ಕೈಯಾಗ ಕುಡಗೋಲ ಅದ. ಮತ್ತ ದೆವ್ವ ಹ್ಯಾಂಗ ಹಿಡೀತು?” ಎಂದು ಕೇಳಿದ.

ನನಗೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ನಮ್ಮ ಕನ್ನಡ ಸರ್ ಹತ್ತಿರ ಹೋಗಿ ಕೇಳಿದೆ. ಅವರು ನಕ್ಕು ಹೀಗೆ ಹೇಳಿದರು: “ಎರಡು ಎರಡಲೇ ನಾಲ್ಕು. ಅದನ್ನ ನೀನು ಬದಲಿ ಮಾಡಾಕ ಆಗಂಗಿಲ್ಲ. ಆದ್ರ ದೆವ್ವನ್ನ ಯಾರೂ ಅಳದು ತೂಗಿ ನೋಡಿಲ್ಲ. ಅದರ ಕಾನೂನು ಎಲ್ಲಾ ಮಾಡಿದವರು ಕಥಿ ಹೇಳೋರೇ. ನೀನೂ ಕಥಿ ಹೇಳಾಕಿ, ನೀನೂ ಮಾಡು. ಆದ್ರ ಮೂರು ಮಂದಿ ಕೇಳಿದ್ದು ಒಂದೇ ಪ್ರಶ್ನೆ ಅಲ್ಲ, ವಿಚಾರ ಮಾಡು.” ಹೀಗೆ ಹೇಳಿ ಕಪಾಟಿನಿಂದ ಹಳೆಯ ‘ಚಂದಮಾಮ’ಗಳ ಒಂದು ಕಟ್ಟು ತೆಗೆದುಕೊಟ್ಟರು.

ಚಂದಮಾಮ ಪತ್ರಿಕೆ 1947ರಲ್ಲಿ ಆರಂಭವಾಯಿತು. ಅನೇಕ ಭಾಷೆಗಳಲ್ಲಿ ಬರುತ್ತಿತ್ತು. 2013ರಲ್ಲಿ ನಿಂತುಹೋಯಿತು. ಅದರಲ್ಲಿ ಎಲ್ಲರೂ ಮೊದಲು ಓದುತ್ತಿದ್ದದ್ದು ಬೇತಾಳ ಕಥೆ. ರಾಜ ವಿಕ್ರಮ ಒಂದು ಕೈಯಲ್ಲಿ ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ಚಿತ್ರ ನಮ್ಮ ಅಪ್ಪಂದಿರಿಗೂ ನೆನಪಿದೆ. ಆ ಚಿತ್ರ ಬರೆದವರು ಶಂಕರ್ ಎಂಬ ಕಲಾವಿದರು. ಅವರು 2020ರಲ್ಲಿ ತೀರಿಕೊಂಡರು.

ಬೇತಾಳನ ಕಾನೂನು ನಿಮಗೆ ಗೊತ್ತೇ ಇದೆ. ಹೆಣದೊಳಗಿನ ಬೇತಾಳ ದಾರಿಯಲ್ಲಿ ಒಂದು ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದಂತಾಗಿ ಬೇತಾಳ ಹೆಣದ ಸಮೇತ ಮರಕ್ಕೆ ಹಾರಿಹೋಗುತ್ತಾನೆ. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ.

ಈ ಕಥೆಗಳು ಬಹಳ ಹಳೆಯವು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಎಂಬ ಕವಿ ಸಂಸ್ಕೃತದಲ್ಲಿ ಬರೆದ ‘ಕಥಾಸರಿತ್ಸಾಗರ’ದಲ್ಲಿ ಇವು ಇವೆ. ಅಲ್ಲಿ ರಾಜನ ಹೆಸರು ವಿಕ್ರಮ ಎಂದು ಇಲ್ಲ, ತ್ರಿವಿಕ್ರಮಸೇನ ಎಂದಿದೆ. ಕೊನೆಗೆ ಬೇತಾಳ ಒಂದು ವಿಚಿತ್ರ ಪ್ರಶ್ನೆ ಕೇಳುತ್ತಾನೆ. ಒಬ್ಬ ತಾಯಿ, ಅವಳ ಮಗಳು. ಒಬ್ಬ ತಂದೆ, ಅವನ ಮಗ. ತಂದೆ ಮಗಳನ್ನು ಮದುವೆಯಾದ, ಮಗ ತಾಯಿಯನ್ನು ಮದುವೆಯಾದ. ಈ ಎರಡು ಜೋಡಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ನಾವು ಮೂವರು ಗೆಳತಿಯರು ಪಾಟಿಯ ಮೇಲೆ ಬರೆದು ನೋಡಿದೆವು. ತಲೆ ತಿರುಗಿತು. ರಾಜನಿಗೂ ತಿಳಿಯಲಿಲ್ಲ. ಆತ ಸುಮ್ಮನೆ ನಡೆದ.

ಆಗ ಅವನ ತಲೆ ಒಡೆಯಿತೇ? ಇಲ್ಲ! ಯಾಕಂದ್ರ ‘ಗೊತ್ತಿದ್ದೂ ಹೇಳದಿದ್ದರೆ’ ಎಂದು ಕಾನೂನು. ಇವನಿಗೆ ಗೊತ್ತೇ ಇರಲಿಲ್ಲ. ಮಾತಾಡಲಿಲ್ಲವಾದ್ದರಿಂದ ಬೇತಾಳನೂ ಹಾರಿಹೋಗಲಿಲ್ಲ. ನೋಡಿರಿ, ಕಥೆಗಾರ ಕಾನೂನನ್ನು ಮುರಿಯಲಿಲ್ಲ. ಅದರಲ್ಲಿ ಮೊದಲಿನಿಂದಲೂ ಒಂದು ಸಂದಿ ಇತ್ತು. ನಾವು ಇಷ್ಟು ಕಥೆ ಕೇಳಿದರೂ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆತ ಕೊನೆಗೆ ಆ ಸಂದಿಯಿಂದ ರಾಜನನ್ನು ಪಾರು ಮಾಡಿದ.

ಚಂದಮಾಮದವರು ಇನ್ನೊಂದು ಕೆಲಸ ಮಾಡಿದರು. ಹಳೆಯ ಬೇತಾಳ ಕಥೆಗಳು 25 ಮಾತ್ರ. ಅವು ಮುಗಿದ ಮೇಲೆ ನಿಲ್ಲಿಸಬೇಕಿತ್ತು. ಆದರೆ ಓದುವವರು ಬಿಡಲಿಲ್ಲ. ಹೊಸ ಹೊಸ ಕಥೆ ಬರೆದು ಬೇತಾಳನ ಬಾಯಿಂದ ಹೇಳಿಸುತ್ತಾ ಹತ್ತಾರು ವರ್ಷ ನಡೆಸಿದರು. 25 ಎಂಬ ಲೆಕ್ಕವನ್ನು ಮುರಿದರು. ಆದರೆ ಹೆಣ, ಹೆಗಲು, ಪ್ರಶ್ನೆ, ಮೌನ ಇವನ್ನು ಒಂದು ದಿನವೂ ಮುರಿಯಲಿಲ್ಲ. ಅದಕ್ಕೇ ಹೊಸ ಕಥೆಯೂ ಬೇತಾಳನ ಕಥೆ ಎಂದೇ ಅನಿಸುತ್ತಿತ್ತು.

ಇದರಿಂದ ನನಗೆ ತಿಳಿದ ಮೊದಲ ವಿಚಾರ ಇದು. ಊರವರು ಹೇಳುವ ಕಾನೂನು ಬೇರೆ, ನನ್ನ ಕಥೆಯೊಳಗೆ ನಾನೇ ಹಾಕಿದ ಕಾನೂನು ಬೇರೆ. ‘ದೆವ್ವ ರಾತ್ರಿನೇ ಬರಬೇಕು’ ಎಂಬುದು ಊರವರ ಕಾನೂನು. ಅದನ್ನು ನಾನು ಬದಲಿಸಬಹುದು, ಆದರೆ ಕಾರಣ ಇರಬೇಕು. ನನಗೆ ಕಾರಣ ಇತ್ತು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹೊಲದಲ್ಲಿ ಒಂದು ನಾಯಿಯೂ ಇರುವುದಿಲ್ಲ. ರಾತ್ರಿಯಾದರೆ ಕಟ್ಟೆಯ ಮೇಲೆ ಜನ ಕೂತಿರುತ್ತಾರೆ, ಟಿವಿ ಸಪ್ಪಳ ಇರುತ್ತದೆ. ನಮ್ಮೂರಲ್ಲಿ ನಿಜವಾಗಿ ಅಂಜಿಕೆ ಬರುವುದು ಆ ಮಧ್ಯಾಹ್ನದಲ್ಲೇ. ಆದ್ದರಿಂದ ಮೊದಲನೆಯ ಹುಡುಗನ ತಕರಾರು ನಾನು ಒಪ್ಪುವುದಿಲ್ಲ. ಬಾವಿಯ ತಕರಾರೂ ಹಾಗೆಯೇ.

ಆದರೆ ಕುಡಗೋಲಿನ ತಕರಾರು ಪೂರಾ ಸರಿ. ಕಬ್ಬಿಣಕ್ಕೆ ದೆವ್ವ ಹೆದರುತ್ತದೆ ಎಂದು ನಾನೇ ಬರೆದಿದ್ದೆ. ಮುಂದೆ ನಾನೇ ಮರೆತೆ. ಅದು ಸ್ವಾತಂತ್ರ್ಯ ಅಲ್ಲ, ಅಲಕ್ಷ್ಯ.

ಎರಡನೆಯ ವಿಚಾರ, ಹಳೆಯ ಕಥೆಯನ್ನು ಬದಲಿಸಿ ಬರೆಯುವುದು ತಪ್ಪೇನೂ ಅಲ್ಲ. ದೊಡ್ಡವರೂ ಮಾಡಿದ್ದಾರೆ. ಬೇತಾಳನ ಕಥೆಗಳಲ್ಲಿಯೇ ಒಂದು ಇದೆ. ಒಬ್ಬ ಹೆಂಗಸಿನ ಗಂಡ ಮತ್ತು ಅವಳ ಅಣ್ಣ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ದೇವಿ ವರ ಕೊಟ್ಟಾಗ ಆಕೆ ಗಡಬಡಿಯಲ್ಲಿ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ. ಈಗ ಗಂಡ ಯಾರು? ತಲೆಯೇ ಮುಖ್ಯ, ಗಂಡನ ತಲೆ ಇದ್ದವನೇ ಗಂಡ ಎಂದು ರಾಜ ಉತ್ತರ ಹೇಳುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. 1940ರಲ್ಲಿ ಜರ್ಮನ್ ಭಾಷೆಯ ಲೇಖಕ ಥಾಮಸ್ ಮನ್ ಇದೇ ಕಥೆಯನ್ನು ತೆಗೆದುಕೊಂಡು ಅಣ್ಣನ ಜಾಗದಲ್ಲಿ ಗಂಡನ ಗೆಳೆಯನನ್ನು ತಂದ. ಆ ಮೇಲೆ ನಮ್ಮ ಗಿರೀಶ ಕಾರ್ನಾಡರು ‘ಹಯವದನ’ ನಾಟಕ ಬರೆದರು. ಅದು 1971ರಲ್ಲಿ ಬಂತು. ರಾಜ ಉತ್ತರ ಹೇಳಿ ಮುಗಿಸಿದ ಜಾಗದಿಂದ ಮುಂದೆ ಹೋಗಿ, ಉತ್ತರ ಸಿಕ್ಕರೂ ಆ ಮೂವರ ಸಂಕಟ ಮುಗಿಯಲಿಲ್ಲ ಎಂದು ಅವರು ತೋರಿಸಿದರು. ಈ ನಾಟಕದ ಕಥೆಯನ್ನು ಸರ್ ನಮಗೆ ಹೇಳಿದಾಗ ಇಡೀ ವರ್ಗ ಸುಮ್ಮನಾಗಿತ್ತು.

ನಮ್ಮ ಕರ್ನಾಟಕದ್ದೇ ಇನ್ನೊಂದು ಉದಾಹರಣೆ ಇದೆ. 1990ರ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿಯೂ ಬೇರೆ ಊರುಗಳಲ್ಲಿಯೂ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲಿಯೇ ಕರೆಯುತ್ತದೆ, ಬಾಗಿಲು ತೆರೆದರೆ ಸಾವು ಎಂದು ಸುದ್ದಿ ಹಬ್ಬಿತ್ತು. ‘ನಾಳೆ ಬಾ’ ಎಂದು ಓದಿ ಅದು ತಿರುಗಿ ಹೋಗುತ್ತದೆಯಂತೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆಯಂತೆ. ನಮ್ಮ ಅವ್ವ ಇದನ್ನು ಹೇಳಿದಾಗ ನಾನು ನಕ್ಕೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಅಂದ್ರ ಅದು ಶಾಲೆ ಕಲಿತಿರಬೇಕು. ಹೇಳಿದ ಮಾತು ಕೇಳುತ್ತದೆ ಅಂದ್ರ ನಮಗಿಂತ ಒಳ್ಳೆಯ ವಿದ್ಯಾರ್ಥಿ! 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಸಿನೆಮಾದವರು ಇಂಥದೇ ದೆವ್ವವನ್ನು ಮಧ್ಯಪ್ರದೇಶದ ಚಂದೇರಿ ಊರಿಗೆ ಕರೆದೊಯ್ದರು. ಅಲ್ಲಿ ಬಾಗಿಲ ಮೇಲೆ ಹಿಂದಿಯಲ್ಲಿ ಬರೆಯುತ್ತಾರೆ. ಊರು ಬದಲಾಯಿತು, ಭಾಷೆ ಬದಲಾಯಿತು, ಆದರೆ ದೆವ್ವ ಓದಿ ತಿರುಗಿ ಹೋಗುವುದು ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿಯವರೆಗೆ ಬರೆದದ್ದು ಸ್ವಾತಂತ್ರ್ಯದ ಮಾತು. ಈಗ ನಾನು ಕಥೆಯನ್ನು ಯಾಕೆ ಕಿತ್ತೆ ಎಂದು ಹೇಳಬೇಕು. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ನನ್ನ ಕಥೆಯ ದೆವ್ವಕ್ಕೆ ಒಂದು ಮುಖ ಬೇಕಾಗಿತ್ತು. ನಾನು ಹೊಸದಾಗಿ ಮಾಡಲಿಲ್ಲ. ಶಾಲೆಯ ದಾರಿಯಲ್ಲಿ ಬಾರಿಹಣ್ಣು ಮಾರುವ ಒಬ್ಬ ಆಯಿ ಇದ್ದಾಳೆ. ಒಬ್ಬಳೇ ಇರುತ್ತಾಳೆ. ನಾನು ಆಕೆಯ ಬಿಳಿ ಕೂದಲು, ಕೋಲು, ಕುಂಟುವ ಕಾಲು, ಮಾತಾಡುವ ರೀತಿ ಎಲ್ಲಾ ತೆಗೆದು ದೆವ್ವಕ್ಕೆ ಹಾಕಿದೆ. ಹೆಸರು ಮಾತ್ರ ಬರೆಯಲಿಲ್ಲ. ಹೆಸರು ಬೇಕಾಗಲೂ ಇಲ್ಲ. ಓದಿದ ಎಲ್ಲರಿಗೂ ಗುರುತು ಸಿಕ್ಕಿತು. ಕಥೆ ಬಹಳ ಛಲೋ ಅದ ಎಂದು ಎಲ್ಲರೂ ಹೊಗಳಿದರು. ನಾನು ಹಿಗ್ಗಿದೆ.

ಮೂರನೆಯ ದಿನ ಎರಡನೇ ತರಗತಿಯ ಹುಡುಗರು ಆಯಿಯನ್ನು ಕಂಡು ಚೀರುತ್ತಾ ಓಡಿದರು. ನಾಲ್ಕನೆಯ ದಿನ ಯಾರೋ ಆಕೆಯ ಬುಟ್ಟಿಗೆ ಕಲ್ಲು ಒಗೆದರು. ಸಂಜೆಗೆ ಬುಟ್ಟಿ ತುಂಬಾ ಹಣ್ಣು ಹಾಗೆಯೇ ಇತ್ತು. ನಾನು ಹಾದುಹೋಗುವಾಗ ಆಕೆ ಕರೆದು, “ಯವ್ವಾ, ಈ ಹುಡುಗ್ರು ನನ್ನ ಕಂಡ್ರ ಯಾಕ ಓಡ್ತಾವ? ನಿನಗೇನರ ಗೊತ್ತದ ಏನು?” ಎಂದು ಕೇಳಿದಳು. ಬೇತಾಳ ನನ್ನ ಹೆಗಲ ಮೇಲೆ ಕೂತಂತೆ ಆಯಿತು. ನನಗೆ ಉತ್ತರ ಗೊತ್ತಿತ್ತು. ನಾನು ಹೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ. ಮರುದಿನ ಗಂಟೆ ಹೊಡೆಯುವ ಮೊದಲೇ ಬಂದು ಕಥೆಯನ್ನು ಕಿತ್ತೆ.

ನಮ್ಮ ಕಲಬುರಗಿ, ಬೀದರ ಕಡೆ ಭಾನಾಮತಿ ಎಂಬ ಮಾತು ಕೇಳದವರಿಲ್ಲ. ಮನೆಯ ಮೇಲೆ ಕಲ್ಲು ಬಿತ್ತು, ಅರಿವಿಗೆ ತಾನೇ ಬೆಂಕಿ ಹತ್ತಿತು ಎಂದು ಜನ ಕಥೆ ಹೇಳುತ್ತಾರೆ. ಆ ಮೇಲೆ “ಯಾರು ಮಾಡಿಸ್ಯಾರ?” ಎಂಬ ಪ್ರಶ್ನೆ ಬರುತ್ತದೆ. ಆಗ ಒಬ್ಬರ ಹೆಸರು ಬೇಕಾಗುತ್ತದೆ. ಬೇಕಾದಾಗ ಸಿಗುವುದು ಒಬ್ಬಳೇ ಇರುವ ಮುದುಕಿಯ ಹೆಸರು, ಇಲ್ಲವೆ ಬಡವರ ಹೆಸರು. ಇಂಥ ನಂಬಿಕೆಯಿಂದ ಜನರಿಗೆ ಹಿಂಸೆ ಆಗಬಾರದು ಎಂದು ಕರ್ನಾಟಕದಲ್ಲಿ 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ಮಾಡಿದರು. ಅದು 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇವೆ ಎಂದು ಯಾರನ್ನಾದರೂ ಕಟ್ಟಿ ಹೊಡೆದರೆ ಅದು ಈಗ ಅಪರಾಧ.

ಕಥೆ ಬರೆದ ನನಗೆ ಶಿಕ್ಷೆ ಇಲ್ಲ. ಆದರೆ ಕಲ್ಲು ಒಗೆದವರ ಕೈಗೆ ಕಲ್ಲು ಕೊಟ್ಟವಳು ನಾನೇ ಎಂದು ನನಗೆ ಅನಿಸಿತು. ಇದೇ ಮೂರನೆಯ ವಿಚಾರ. ದೆವ್ವ ಹಗಲಲ್ಲಿ ಬರಲಿ, ಬಾವಿಯಲ್ಲಿ ಇರಲಿ, ಬೇಕಾದರೆ ಸೈಕಲ್ ಹೊಡೆಯಲಿ. ಆದರೆ ಬದುಕಿರುವ ಒಬ್ಬರ ಮುಖವನ್ನು ದೆವ್ವಕ್ಕೆ ಅಂಟಿಸಬಾರದು. ಕಥೆ ಓದಿ ಮುಗಿಸಿದ ಮೇಲೆ ದೆವ್ವ ಹೋಗುತ್ತದೆ. ಆದರೆ ಮುಖದ ಮಾತು ಹಾಗಲ್ಲ, ಅದನ್ನು ಹೊತ್ತವರು ಮರುದಿನವೂ ನಮ್ಮ ಓಣಿಯಲ್ಲೇ ನಡೆಯಬೇಕು.

ಎರಡು ದಿನ ಬಿಟ್ಟು ಧೈರ್ಯ ಮಾಡಿ ಆಯಿಯ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಆಕೆಗೆ ಓದು ಬರುವುದಿಲ್ಲ. ಆದ್ದರಿಂದ ಕಥೆಯನ್ನೂ ಓದಿ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಆಕೆ ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ, “ಮಂದಿ ಮಾತು ಕೇಳಿ ಕೇಳಿ ನನಗ ರೂಢಿ ಆಗ್ಯದ. ನೀನೂ ಅಂದಿ ಅಂತ ಕೆಟ್ಟ ಅನಸ್ತು” ಅಂದಳು. ಸ್ವಲ್ಪ ತಡೆದು, “ಕುಂಟಿ ನಾನು. ಕುಡಗೋಲ ಹಿಡದ ಹುಡುಗನ್ನ ಓಡಿ ಹಿಡೀತೀನಿ ಅಂತ ಬರದೀಯಲ್ಲ, ಅದನ್ಯಾರು ನಂಬ್ಯಾರು?” ಅಂದಳು. ನನಗೆ ಅಳುವೂ ಬಂತು, ನಗೆಯೂ ಬಂತು. ನನ್ನ ಕಥೆಯ ತಪ್ಪನ್ನು ಆಕೆಯೂ ಹಿಡಿದಿದ್ದಳು!

ಈ ಲೇಖನವನ್ನು ಆಯಿಯನ್ನು ಕೇಳಿಯೇ ಬರೆದಿದ್ದೇನೆ. ಈಗ ದಿನಾಲೂ ನಾವು ಐದು ಗೆಳತಿಯರು ಆಕೆಯ ಹತ್ತಿರ ನಿಂತು ಬಾರಿಹಣ್ಣು ತಿಂದು ಶಾಲೆಗೆ ಬರುತ್ತೇವೆ. ಸಣ್ಣ ಹುಡುಗರು ಕೆಲವರು ಬರುತ್ತಾರೆ. ಕೆಲವರು ಇನ್ನೂ ದೂರ ನಿಲ್ಲುತ್ತಾರೆ. ದಯವಿಟ್ಟು ನಿಮ್ಮ ತಮ್ಮ ತಂಗಿಯರಿಗೆ ಹೇಳಿರಿ, ಅದು ನಾನು ಬರೆದ ಸುಳ್ಳು ಕಥೆ.

ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ದೆವ್ವ ಮಧ್ಯಾಹ್ನವೇ ಬರುತ್ತದೆ, ಅದನ್ನು ಬಿಡುವುದಿಲ್ಲ. ಆದರೆ ಅದಕ್ಕೆ ಮುಖವೇ ಇಲ್ಲ, ದನಿ ಮಾತ್ರ ಇದೆ. ಹುಡುಗನ ಕೈಯಲ್ಲಿ ಕುಡಗೋಲು ಇದೆ. ನೀರಡಿಸಿ ಬಾವಿಗೆ ಬಗ್ಗುವಾಗ ಅದನ್ನು ದಂಡೆಯ ಮೇಲೆ ಇಡುತ್ತಾನೆ. ಮುಂದೇನಾಯಿತು ಎಂಬುದನ್ನು ಬರುವ ತಿಂಗಳು ಇಲ್ಲಿಯೇ ಓದಿರಿ. ನೀವೂ ಒಂದೊಂದು ದೆವ್ವದ ಕಥೆ ಬರೆಯಿರಿ. ತಪ್ಪು ಇದ್ದರೆ ಹಿರಿಯರು ತಿದ್ದಬೇಕು.

— 7ನೇ ತರಗತಿ ವಿದ್ಯಾರ್ಥಿನಿ, ಭೂಸನೂರ