ಹೋದ ದೀಪಾವಳಿಗೆ ಈ ದೀಪಾವಳಿ: ವ್ಯಾಪಾರ ಹೋಲಿಸುವ ಬಗೆ

ದೀಪಾವಳಿ ಬಂತೆಂದರೆ ನಮ್ಮ ವ್ಯಾಪಾರಿ ಮನೆತನಗಳಲ್ಲಿ ಒಂದೇ ಪ್ರಶ್ನೆ: "ಹೋದ ವರ್ಷಕ್ಕಿಂತ ಈ ವರ್ಷ ಹೆಂಗ?" ಹಿರಿಯರ ಕಾಲದಲ್ಲಿ ಉತ್ತರಕ್ಕಾಗಿ ಕೀರ್ದಿ, ಖತಾವಣಿಗಳನ್ನು ಬಿಚ್ಚಿ ಎರಡು ರಾತ್ರಿ ಕೂಡ್ರಬೇಕಾಗುತ್ತಿತ್ತು. ಈಗ ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ಆದರೆ ಬೇಗ ಬಂದ ಉತ್ತರವೆಲ್ಲ ಸರಿಯಾದ ಉತ್ತರವಲ್ಲ. ಇದನ್ನು ನಾವು ನಮ್ಮ ಅಂಗಡಿಯಲ್ಲೇ ಕಲಿತೆವು. ಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಅಕ್ಕಲಕೋಟೆಯ ಪೇಠೆಯಲ್ಲಿ ನಮ್ಮದು ಅರಿವೆ ಅಂಗಡಿ. ಮೆಟ್ರಿಕ್‌ವರೆಗೆ ಓದಿದ ನಮಗೆ ಕೆಂಪು ಬಟ್ಟೆಯ ಚೋಪಡಿಯೇ ರೂಢಿ. 1986ರಲ್ಲಿ ಬೆಂಗಳೂರಿನಲ್ಲಿ ಗೋಯಂಕಾ ತಂದೆ-ಮಗ ಆರಂಭಿಸಿದ ಸಂಸ್ಥೆಯ ಟ್ಯಾಲಿ ನಮ್ಮ ಅಂಗಡಿಗೆ ಬಂದದ್ದು ಮಗ ಗಲ್ಲೆಗೆ ಕೂತ ಮೇಲೆ.

2023ರ ನವೆಂಬರ್ ಮೊದಲ ವಾರ. ಮಗ ಒಂದು ಕಾಗದ ಹಿಡಿದು ಬಂದ. "ಅಪ್ಪಾ, ಹೋದ ವರ್ಷ ಅಕ್ಟೋಬರದಾಗ ಒಂಬತ್ತು ಲಕ್ಷ ಅರವತ್ತು ಸಾವಿರ ಆಗಿತ್ರಿ. ಈ ಅಕ್ಟೋಬರ ಬರೇ ಐದು ಲಕ್ಷ ನಲವತ್ತು ಸಾವಿರ. ನೂರಕ್ಕ ನಲವತ್ತನಾಲ್ಕು ಬಿದ್ದೈತಿ. ಕಾಕಾಗ ಇನ್ನ ಆಗೂದಿಲ್ಲ. ಹಬ್ಬ ಮುಗಿದ ಮ್ಯಾಲ ಅವರಿಗೆ ಹೇಳಿಬಿಡೂಣು."

ಕಾಕಾ ಎಂದರೆ ನಮ್ಮಲ್ಲಿ ಇಪ್ಪತ್ತೆರಡು ವರ್ಷ ದುಡಿದ ಗುಮಾಸ್ತರು. ನಮ್ಮ ಎದೆ ಧಸಕ್ಕೆಂದಿತು. "ಹಬ್ಬದ ಲೆಕ್ಕ ಹಬ್ಬ ಮುಗಿದ ಮ್ಯಾಲ ನೋಡೂಣು, ತಡಿಯಪ್ಪಾ" ಎಂದಷ್ಟೇ ಹೇಳಿದೆವು.

ಆ ರಾತ್ರಿ ಎರಡೂ ವರ್ಷದ ಪಂಚಾಂಗ ತೆಗೆದು ನೋಡಿದೆವು. 2022ರಲ್ಲಿ ಲಕ್ಷ್ಮೀಪೂಜೆ ಅಕ್ಟೋಬರ್ 24ಕ್ಕೆ, 2023ರಲ್ಲಿ ನವೆಂಬರ್ 12ಕ್ಕೆ. ನಡುವೆ 2023ರ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದು ಹಬ್ಬಗಳನ್ನೆಲ್ಲ ಮುಂದೆ ತಳ್ಳಿತ್ತು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಆದ್ದರಿಂದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದೆ ಹೋಗುತ್ತದೆ. ಗಿರಾಕಿ ಹಬ್ಬ ನೋಡಿ ಬರುತ್ತಾನೆ, ಇಂಗ್ಲಿಷ್ ತಿಂಗಳು ನೋಡಿ ಬರುವುದಿಲ್ಲ. ಮಗ ಹಬ್ಬದ ತಿಂಗಳನ್ನು ಹಬ್ಬವಿಲ್ಲದ ತಿಂಗಳಿಗೆ ಹೋಲಿಸಿದ್ದ.

ಪಾಡ್ಯ ಕಳೆದ ಮೇಲೆ ಇಬ್ಬರೂ ಕೂತೆವು. ಟ್ಯಾಲಿಯಲ್ಲಿ ಲಾಭ-ಹಾನಿಯ ಪತ್ರಕ ತೆರೆದು ಆಲ್ಟ್ ಮತ್ತು ಎಫ್2 ಒತ್ತಿದರೆ ಬೇಕಾದ ಅವಧಿ ಕೊಡಬಹುದು. ಆಲ್ಟ್ ಮತ್ತು ಸಿ ಒತ್ತಿದರೆ ಮಗ್ಗುಲಲ್ಲೇ ಇನ್ನೊಂದು ಕಾಲಂ ಬರುತ್ತದೆ, ಅದಕ್ಕೆ ಬೇರೆ ತಾರೀಖು ಹಾಕಬಹುದು. ಒಂದಕ್ಕೆ 2022ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 24, ಇನ್ನೊಂದಕ್ಕೆ 2023ರ ಅಕ್ಟೋಬರ್ 14ರಿಂದ ನವೆಂಬರ್ 12 ಹಾಕಿದೆವು. ಎರಡೂ ಮೂವತ್ತು ದಿನ, ಎರಡರಲ್ಲೂ ದಸರಾ ಉಂಟು, ಲಕ್ಷ್ಮೀಪೂಜೆಯೂ ಉಂಟು. ಮೊದಲನೆಯದು ಹತ್ತು ಲಕ್ಷ, ಎರಡನೆಯದು ಹತ್ತು ಲಕ್ಷ ನಲವತ್ತು ಸಾವಿರ.

"ನೋಡಿದ್ಯಾ? ವ್ಯಾಪಾರ ಏರೇತಿ!" ಎಂದು ನಾವು ಜಂಬದಿಂದ ಹೇಳಿದೆವು. ಆಗ ಮೂಲೆಯಲ್ಲಿ ಥಾನು ಮಡಚುತ್ತಿದ್ದ ಕಾಕಾ ತಾವಾಗಿಯೇ ಮೆಲ್ಲಗೆ ಹೇಳಿದರು: "ಸಾವಕಾರ್ರ, ರೊಕ್ಕ ಏರೇತ್ರಿ. ಅರಿವಿ ಏರಿಲ್ರಿ."

ಮಗ ಮೀಟರಿನ ಲೆಕ್ಕ ತೆಗೆದ. 2022ರಲ್ಲಿ 8,000 ಮೀಟರ್, 2023ರಲ್ಲಿ 7,430 ಮೀಟರ್. ಮೀಟರಿಗೆ ಸರಾಸರಿ 125 ರೂಪಾಯಿ ಇದ್ದದ್ದು 140 ಆಗಿತ್ತು. ದರ ಏರಿದ್ದರಿಂದ ರೊಕ್ಕ ಹೆಚ್ಚು ಕಂಡಿತೇ ಹೊರತು ಮಾಲು ನೂರಕ್ಕೆ ಏಳರಷ್ಟು ಕಡಿಮೆಯೇ ಹೋಗಿತ್ತು. ಬಿದ್ದದ್ದು ಮುಖ್ಯವಾಗಿ ಶರ್ಟಿನ ಅರಿವೆ. ಹುಡುಗರು ಹೊಲಿಸುವುದನ್ನು ಬಿಟ್ಟು ಸಿದ್ಧ ಉಡುಪು ಕೊಳ್ಳುತ್ತಿದ್ದರು. ಮಗನದೂ ತಪ್ಪು, ನಮ್ಮದೂ ತಪ್ಪು. ಯಾರನ್ನು ತೆಗೆಯಬೇಕೆಂದಿದ್ದನೋ ಅವರೇ ಸತ್ಯ ಹೇಳಿದರು. ಮಗ ತಲೆ ತಗ್ಗಿಸಿದ. ಮರುವರ್ಷ ಶರ್ಟಿನ ಮಾಲು ಕಡಿಮೆ ತರಿಸಿ ಸಿದ್ಧ ಉಡುಪಿಗೆ ಎರಡು ಕಪಾಟು ಬಿಟ್ಟೆವು. ಕಾಕಾ ಇಂದಿಗೂ ನಮ್ಮಲ್ಲೇ ಇದ್ದಾರೆ.

ಇದರಿಂದ ನಾವು ಕೆಲವು ನಿಯಮ ಮಾಡಿಕೊಂಡೆವು.

ಹಬ್ಬದ ವ್ಯಾಪಾರವನ್ನು ಹಬ್ಬಕ್ಕೇ ಹೋಲಿಸಬೇಕು. ಸೋಲಾಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ ಆಗುವುದರಿಂದ ಜನವರಿಯನ್ನು ಜನವರಿಗೆ ಹೋಲಿಸಿದರೂ ನಡೆದೀತು. ದಸರಾ, ದೀಪಾವಳಿ, ಯುಗಾದಿಗಳಿಗೆ ಅದು ನಡೆಯದು. 2025ರಲ್ಲಿ ನಮ್ಮ ಕಡೆ ಲಕ್ಷ್ಮೀಪೂಜೆ ಅಕ್ಟೋಬರ್ 21ಕ್ಕೆ ಆಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ನವೆಂಬರ್ 8ಕ್ಕೆ. ಈ ಎರಡು ಅಕ್ಟೋಬರಗಳನ್ನು ಹೋಲಿಸಿದವರು ನಮ್ಮ ಮಗನಂತೆಯೇ ಗಾಬರಿಯಾಗುವರು.

ಸಂತೆಯ ದಿನ ಎಣಿಸಬೇಕು. ಒಂದು ತಿಂಗಳಲ್ಲಿ ನಾಲ್ಕು ಸಂತೆ, ಇನ್ನೊಂದರಲ್ಲಿ ಐದು ಸಂತೆ ಬಂದರೆ ಲೆಕ್ಕ ತಾನಾಗಿಯೇ ಬೇರೆಯಾಗುತ್ತದೆ.

ತೆರಿಗೆ ಬಿಟ್ಟು ಹೋಲಿಸಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ನೂರಕ್ಕೆ 5, ಮೇಲ್ಪಟ್ಟದ್ದಕ್ಕೆ 18 ಆಯಿತು. ಬಿಲ್ಲಿನ ಒಟ್ಟು ಮೊತ್ತ ಹಿಡಿದರೆ ಸರ್ಕಾರದ ರೊಕ್ಕವೂ ನಮ್ಮ ವ್ಯಾಪಾರವೆಂದು ಕಾಣುತ್ತದೆ.

ಕೆಟ್ಟ ಕಾಲವನ್ನು ಅಳತೆಗೋಲು ಮಾಡಬಾರದು. 2020ರ ಮಾರ್ಚ್ 25ರಿಂದ ಬೀಗ ಬಿದ್ದ ತಿಂಗಳುಗಳಿಗೆ ಹೋಲಿಸಿದರೆ ಯಾವ ವರ್ಷವೂ ತೇಜಿಯೇ. ಅಂಥಲ್ಲಿ 2019ನ್ನು ಹಿಡಿಯುವುದು ಮೇಲು.

ಕೊನೆಯದಾಗಿ, ಹಳೆಯ ವರ್ಷಗಳ ದಾಖಲೆ ಅಳಿಸಬೇಡಿ. ವಾರ್ಷಿಕ ರಿಟರ್ನಿನ ಕಡೆಯ ದಿನದಿಂದ 72 ತಿಂಗಳು ಲೆಕ್ಕ ಇಡಬೇಕೆಂದು ಜಿಎಸ್‌ಟಿ ಕಾನೂನೇ ಹೇಳುತ್ತದೆ. ಅದಕ್ಕಿಂತ ಹೆಚ್ಚು ಇಟ್ಟರೆ ನಮ್ಮ ಮಕ್ಕಳಿಗೇ ಲಾಭ.

ಯಂತ್ರ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಏನು ಕೇಳಬೇಕೆಂಬುದನ್ನು ಮನೆಯ ಹಿರಿಯರು, ಕಿರಿಯರು, ಅಂಗಡಿಯ ಹಳಬರು ಕೂಡಿ ಕೂತು ಗೊತ್ತು ಮಾಡಿಕೊಳ್ಳಬೇಕು. ಬರುವ ದೀಪಾವಳಿಗೆ ಚೋಪಡಿ ಪೂಜೆ ಮುಗಿಸಿ, ಕಂಪ್ಯೂಟರಿನ ಮಗ್ಗುಲಿಗೆ ಒಂದು ಪಂಚಾಂಗವನ್ನೂ ಇಟ್ಟುಕೊಳ್ಳಿರಿ.